ಕನ್ನಡ ನಾಡಿನ ಕಾಳ್ಗಿಚ್ಚು: ಒಂದು ಚಾರಿತ್ರಿಕ ಪರಿಶೀಲನೆ

ನಾವು ನೆಲೆಸಿರುವ ಈ ಹೈದರಾಬಾದಿನ ನೆರೆಹೊರೆಯವರು ಕಾಡಿಗೆ ಬೀಳುವ ಬೆಂಕಿಯನ್ನು 'ಕಾರ್ಚಿಚ್ಚು' ಎಂದು ಕರೆಯುತ್ತಾರೆ. ಹಳಗನ್ನಡದಲ್ಲಿ ಅದು 'ಕಾಳ್ಗಿರ್ಚು'. ಮುಂದೆ ರೇಫವು ಅಳಿದು 'ಕಾಳ್ಗಿಚ್ಚು' ಎಂದಾಗಿ, ಇಂದಿನ ಬಳಕೆಯಲ್ಲಿ 'ಕಾಡ್ಗಿಚ್ಚು' ಎಂದು ನಿಂತಿದೆ. ನಾಡು ಎಂಬುದು ಸಮಾಸದಲ್ಲಿ 'ನಾಳ್ಗಾವುಂಡ' ಎಂದಾಗುವಂತೆಯೇ ಇಲ್ಲಿ ಕಾಡು 'ಕಾಳ್' ಆಗಿದೆ. ತೆಲುಗಿನ ಚಿಚ್ಚು ನಮ್ಮ ಕಿಚ್ಚಿನ ಒಡಹುಟ್ಟು. ಇಕಾರ ಎಕಾರಗಳ ಮುಂದೆ ಬರುವ ಕಕಾರವು ಆ ಭಾಷೆಯಲ್ಲಿ ಚಕಾರವಾಗುವುದಕ್ಕೆ ಕಿವಿ–ಚೆವಿ, ಕೆರೆ–ಚೆರುವು ಎಂಬ ಜೋಡಿಗಳೇ ಸಾಕ್ಷಿಯಾಗಿವೆ. ದಾವಾನಲವೆಂಬ ಸಂಸ್ಕೃತ ಶಬ್ದವು ಕಾವ್ಯಗಳಲ್ಲಿ ಧಾರಾಳವಾಗಿ ಬಂದರೂ ದೇಸಿಯ ಮಾತು ಅಳಿಯಲಿಲ್ಲ. ಕಾಡಿನ ಬೆಂಕಿಯೊಡನೆ ಬಹುಕಾಲ ಬಾಳಿದ ಜನಕ್ಕೆ ಅದಕ್ಕೆ ತನ್ನದೇ ಆದ ಹೆಸರಿರುವುದು ಸಹಜ.

ಶಬ್ದವ್ಯುತ್ಪತ್ತಿಯು ಈ ಲೇಖನದ ವಿಷಯವಲ್ಲ. ಕನ್ನಡ ನಾಡಿನ ಕಾಡುಗಳಲ್ಲಿ ಬೆಂಕಿಯು ಒಂದು ಕಾಲಕ್ಕೆ ಯಾರ ಕೈಯಲ್ಲಿದ್ದಿತು, ಅದು ಯಾರ ಕೈಗೆ ಹೋಯಿತು, ಹಾಗೆ ಹೋದಮೇಲೆ ಕಾಡಿಗೂ ಕಾಡಿನವರಿಗೂ ಏನಾಯಿತು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ. ಪ್ರತಿವರ್ಷವೂ ಫಾಲ್ಗುಣ ಚೈತ್ರಗಳಲ್ಲಿ ನಮ್ಮ ನಾಡಿನ ಕಾಡು ಹೊತ್ತಿತೆಂಬ ವಾರ್ತೆಯನ್ನು ಓದಿ ಇಲ್ಲಿಂದಲೇ ಮರುಗುವ ನಾವು, ಆ ಬೆಂಕಿಯನ್ನು ಕೇವಲ ಒಂದು ಉತ್ಪಾತವೆಂದು ತಿಳಿದಿದ್ದೇವೆ. ಅದಕ್ಕೂ ಒಂದು ಚರಿತ್ರೆಯುಂಟು.

ನಮ್ಮ ಸಾಹಿತ್ಯದಲ್ಲಿ ಕಾಳ್ಗಿಚ್ಚಿನ ಮಹಾಪ್ರಸಂಗವೆಂದರೆ ಖಾಂಡವದಹನ. ಕ್ರಿ. ಶ. ೯೪೧ರಲ್ಲಿ ರಚಿತವಾದ ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ ಅದು ಬರುತ್ತದೆ. ಪಂಪನ ಆಶ್ರಯದಾತನಾದ ಅರಿಕೇಸರಿಯ ವೇಮುಲವಾಡವು ನಮ್ಮ ಈ ನಗರದಿಂದ ಸುಮಾರು ೧೫೦ ಕಿಲೋಮೀಟರು ದೂರದಲ್ಲಿಯೇ ಇದೆ. ಕವಿಯ ತಮ್ಮನಾದ ಜಿನವಲ್ಲಭನ ಕುರಿಕ್ಯಾಲದ ಶಾಸನವೂ ಅದೇ ಸೀಮೆಯದು. ಆದುದರಿಂದ ಕನ್ನಡದ ಮೊದಲ ಖಾಂಡವದಹನವನ್ನು ಕೇಳಿದ ನೆಲ ತೆಲಂಗಾಣವೇ ಎಂದು ನಾವು ಇಲ್ಲಿ ನೆನೆದುಕೊಂಡರೆ ತಪ್ಪಾಗಲಾರದು.

ವ್ಯಾಸಭಾರತದ ಆದಿಪರ್ವದಲ್ಲಿರುವ ಕಥೆಯ ಒಂದು ಅಂಶವನ್ನು ವಾಚಕರು ಗಮನಿಸಬೇಕು. ಶ್ವೇತಕಿ ರಾಜನ ಯಜ್ಞಗಳಲ್ಲಿ ತುಪ್ಪವನ್ನುಂಡು ಅಜೀರ್ಣಗೊಂಡ ಅಗ್ನಿಯು, ಕೃಷ್ಣಾರ್ಜುನರ ನೆರವನ್ನು ಬೇಡುವುದಕ್ಕೆ ಮೊದಲು, ತಾನೊಬ್ಬನೇ ಖಾಂಡವವನ್ನು ಸುಡಲು ಏಳು ಸಲ ಯತ್ನಿಸಿದನಂತೆ. ಏಳು ಸಲವೂ ಆನೆಗಳು ಸೊಂಡಿಲುಗಳಲ್ಲಿ ನೀರನ್ನು ತಂದೆರೆದವು, ಬಹುಶಿರಸ್ಸುಗಳ ನಾಗಗಳು ಹೆಡೆಹೆಡೆಯಿಂದ ನೀರು ಚೆಲ್ಲಿದವು, ಬೆಂಕಿ ಆರಿತು. ಕಾಡಿನ ಬೆಂಕಿಯನ್ನು ಕಾಡಿನಲ್ಲಿರುವವರೇ ಆರಿಸಿದ ವರ್ಣನೆ ನಮ್ಮ ಪರಂಪರೆಯಲ್ಲಿ ಇದಕ್ಕಿಂತ ಹಳೆಯದಾಗಿ ನನ್ನ ಕಣ್ಣಿಗೆ ಬಿದ್ದಿಲ್ಲ. ಎಂಟನೆಯ ಸಲ ಹೊರಗಿನಿಂದ ಬಿಲ್ಲುಗಾರರು ಬಂದು ನಾಲ್ಕು ದಿಕ್ಕನ್ನೂ ಕಟ್ಟಿದಾಗ ಮಾತ್ರ ಕಾಡು ಉರಿಯಿತು. ಇಂದ್ರನ ಮಳೆಯೂ ಕೆಲಸಕ್ಕೆ ಬಾರಲಿಲ್ಲ. ಇರಾವತಿ ಕರ್ವೆಯವರು 'ಯುಗಾಂತ'ದಲ್ಲಿ ಈ ದಹನವನ್ನು ಹೊಲಗದ್ದೆಗಳಿಗಾಗಿ ಕಾಡನ್ನು ಕಡಿದು, ಅಲ್ಲಿದ್ದವರನ್ನು ನಿರ್ಮೂಲ ಮಾಡಿದ ಕೃತ್ಯದ ನೆನಪೆಂದು ವಿವರಿಸಿದ್ದಾರೆ. ಅವರ ತೀರ್ಪು ಕಠೋರವಾದುದಾದರೂ ನನಗೆ ಸಮ್ಮತವಾಗಿಯೇ ತೋರುತ್ತದೆ.

ಪುರಾಣದಿಂದ ಚರಿತ್ರೆಗೆ ಬರುವಾಗ ನಮಗೆ ಮೊದಲು ಎದುರಾಗುವುದು ಕುಮರಿ ಬೇಸಾಯ. ಪಶ್ಚಿಮ ಘಟ್ಟದ ಇಳುಕಲುಗಳಲ್ಲಿಯೂ ದಕ್ಷಿಣದ ಬೆಟ್ಟಗಳಲ್ಲಿಯೂ ಒಂದು ತುಂಡು ಕಾಡನ್ನು ಕಡಿದು, ಸೊಪ್ಪುಸದೆಗಳು ಬಿಸಿಲಿಗೆ ಒಣಗಿದ ಮೇಲೆ ಮಳೆಗಾಲಕ್ಕೆ ಮುನ್ನ ಬೆಂಕಿಯಿಟ್ಟು, ಆ ಬೂದಿಯಲ್ಲಿ ರಾಗಿ ಮೊದಲಾದುವನ್ನು ಬಿತ್ತಿ, ಒಂದೆರಡು ಬೆಳೆಗಳ ಬಳಿಕ ಆ ನೆಲವನ್ನು ಬಹುವರ್ಷಗಳವರೆಗೆ ಕಾಡಿಗೆ ಬಿಟ್ಟು ಬೇರೆಡೆಗೆ ಹೋಗುವುದು ಅದರ ಕ್ರಮ. ಶ್ರೀರಂಗಪಟ್ಟಣದ ಪತನಾನಂತರ ಕುಂಪಣಿ ಸರ್ಕಾರದ ಆಜ್ಞೆಯಂತೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ೧೮೦೧ರಲ್ಲಿ ಇದನ್ನು ಕಣ್ಣಾರೆ ಕಂಡು ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಬರೆದಿದ್ದಾನೆ. ತೆಲುಗರು ಇದೇ ಪದ್ಧತಿಯನ್ನು 'ಪೋಡು' ಎನ್ನುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ 'ಪೋಡು' ಎಂದರೆ ಅವರು ವಾಸಿಸುವ ಹಾಡಿ. ಈ ಎರಡು ಮಾತುಗಳ ಸಂಬಂಧವನ್ನು ನಮ್ಮ ಸಂಘದ ಭಾಷಾಜ್ಞರು ವಿಚಾರಿಸಬೇಕೆಂದು ಸೂಚಿಸಿ ಮುಂದೆ ಹೋಗುತ್ತೇನೆ.

ಕುಮರಿಯ ಬೆಂಕಿಯು ಕೆಲವೊಮ್ಮೆ ಕೈಮೀರುತ್ತಿತ್ತೆಂಬುದು ನಿಜ. ಆದರೆ ಅದು ಹೊತ್ತಿಸಿದವನಿಗೆ ಗೊತ್ತಿದ್ದ ಬೆಂಕಿ. ಎಂದು ಹಚ್ಚಬೇಕು, ಗಾಳಿ ಯಾವ ಕಡೆಗಿರಬೇಕು, ಅಂಚಿನ ತರಗನ್ನು ಎಷ್ಟು ಅಗಲ ಬಳಿಯಬೇಕು ಎಂಬುವು ಅವನ ವಿದ್ಯೆಯಾಗಿದ್ದವು. ಈ ವಿದ್ಯೆಯನ್ನು ಅವಿದ್ಯೆಯೆಂದು ನಿರ್ಣಯಿಸಿದ ಕಾಲವು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬಂದಿತು.

ಆ ನಿರ್ಣಯಕ್ಕೆ ಕಾರಣನಾದವರಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಮುಖ್ಯನು. ವೈದ್ಯನಾಗಿ ಬಂದು, ಶಿವಮೊಗ್ಗದಲ್ಲಿದ್ದಾಗ ಸಸ್ಯಶಾಸ್ತ್ರದ ವ್ಯಾಸಂಗವನ್ನು ಬೆಳೆಸಿಕೊಂಡ ಈತನು, ಉಷ್ಣವಲಯದ ಅರಣ್ಯಗಳ ನಾಶವನ್ನು ಕುರಿತು ೧೮೫೧ರಲ್ಲಿ ಬ್ರಿಟನ್ನಿನ ವಿದ್ವತ್ಪರಿಷತ್ತಿಗೆ ಸಲ್ಲಿಸಿದ ವರದಿಯ ಕರ್ತೃಗಳಲ್ಲಿ ಪ್ರಮುಖನಾಗಿದ್ದನು. ೧೮೫೬ರಲ್ಲಿ ಮದರಾಸು ಸರ್ಕಾರದ ಅರಣ್ಯಾಧಿಕಾರಿಯಾದನು. ಕುಮರಿಯು ಬೆಲೆಬಾಳುವ ಮರಗಳನ್ನು ಹಾಳುಮಾಡುತ್ತದೆಂಬುದು ಅವನ ದೃಢವಾದ ಅಭಿಪ್ರಾಯವಾಗಿದ್ದಿತು. ೧೮೬೦ರಲ್ಲಿ ಮದರಾಸು ಸರ್ಕಾರವು ಸರ್ಕಾರಿ ಕಾಡುಗಳಲ್ಲಿ ಅನುಮತಿಯಿಲ್ಲದೆ ಕುಮರಿ ಮಾಡಕೂಡದೆಂದು ನಿಷೇಧಿಸಿತು. ಕ್ಲೆಗ್‌ಹಾರ್ನನು ದುರುದ್ದೇಶದವನಲ್ಲ. ಕಾಡು ಅಳಿದರೆ ಮಳೆ ಕುಗ್ಗೀತೆಂಬ ಭಯವೂ ಅವನ ಬರಹಗಳಲ್ಲಿದೆ. ಆದರೆ ಅದೇ ಕಾಲದಲ್ಲಿ ಮದರಾಸಿನಿಂದ ರೈಲುದಾರಿ ಹೊರಟಿತ್ತು, ಹಳಿಗಳ ಕೆಳಗೆ ಹಾಸುವ ದಿಮ್ಮಿಗಳಿಗಾಗಿ ಮರಗಳು ಲೆಕ್ಕವಿಲ್ಲದೆ ಉರುಳುತ್ತಿದ್ದವು. ಹಡಗು ಕಟ್ಟುವುದಕ್ಕೂ ನಮ್ಮ ಕನ್ನಡ ಕರಾವಳಿಯ ತೇಗವೇ ಬೇಕಾಗಿದ್ದಿತು. ಕೊಡಲಿಗೆ ಪರವಾನಗಿ ಸಿಕ್ಕಿತು, ಬೆಂಕಿಗೆ ಸಿಕ್ಕಲಿಲ್ಲ.

೧೮೬೪ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಡೀಟ್ರಿಚ್ ಬ್ರಾಂಡಿಸನು ಇಂಡಿಯಾ ಸರ್ಕಾರದ ಮೊದಲ ಅರಣ್ಯ ಮಹಾನಿರೀಕ್ಷಕನಾದನು. ಮೈಸೂರಿನಲ್ಲಿ ಅರಣ್ಯ ಇಲಾಖೆಯು ಸ್ಥಾಪಿತವಾದುದೂ ಅದೇ ವರ್ಷ. ಅದೇ ಸುಮಾರಿನಲ್ಲಿ ಮಧ್ಯಪ್ರಾಂತ್ಯದ ಸಾತ್ಪುರ ಶ್ರೇಣಿಯ ಬೋರಿ ಎಂಬ ಕಾಡಿನಲ್ಲಿ ಪಿಯರ್ಸನ್ ಎಂಬ ಸೇನಾಧಿಕಾರಿಯು ಒಂದು ಪ್ರಯೋಗವನ್ನು ಕೈಕೊಂಡನು. ಕಾಡಿನ ಸುತ್ತಲೂ ನಡುನಡುವೆಯೂ ಹುಲ್ಲನ್ನು ತೆಗೆದು ಬಯಲು ಪಟ್ಟಿಗಳನ್ನು ಮಾಡಿಸಿ, ಕಾವಲಿಟ್ಟು, ಸುತ್ತಣ ಹಳ್ಳಿಗಳವರನ್ನು ಒಪ್ಪಿಸಿ, ಬೇಸಗೆಯಿಡೀ ಬೆಂಕಿ ಬೀಳದಂತೆ ಆ ಕಾಡನ್ನು ಉಳಿಸಿದನು. ಇಂಡಿಯಾದ ಕಾಡನ್ನು ಬೆಂಕಿಯಿಂದ ಕಾಯಲು ಸಾಧ್ಯವೇ ಇಲ್ಲವೆಂದು ಅನೇಕ ಅಧಿಕಾರಿಗಳೇ ತಿಳಿದಿದ್ದ ಕಾಲದಲ್ಲಿ ಇದು ದೊಡ್ಡ ವಿಜಯವೆನಿಸಿತು. ನಮ್ಮ ಅರಣ್ಯ ಇಲಾಖೆಯವರು ಇಂದಿಗೂ 'ಬೆಂಕಿ ರೇಖೆ' ಎಂದು ಕರೆಯುವ ಪಟ್ಟಿಗಳ ವಂಶಮೂಲವು ಇಂತಹ ಪ್ರಯೋಗಗಳಲ್ಲಿದೆ. ಇಲ್ಲೊಂದು ಚೋದ್ಯವಿದೆ. ಬೆಂಕಿ ರೇಖೆಯನ್ನು ಮಾಡುವುದೂ ಬೆಂಕಿಯಿಂದಲೇ. ಕವಾತು ಮಾಡಿದ ಹುಲ್ಲನ್ನು ಚಳಿಗಾಲ ಮುಗಿಯುವ ಹೊತ್ತಿಗೆ, ಇಬ್ಬನಿಯ ತೇವ ಇನ್ನೂ ಇರುವಾಗ, ಕಾವಲಿನಲ್ಲಿ ಸುಡುತ್ತಾರೆ. ಕಾಡಿನವನು ಮಾಡುತ್ತಿದ್ದುದೂ ಬಹುಮಟ್ಟಿಗೆ ಇದನ್ನೇ. ಅವನು ಮಾಡಿದರೆ ಅಪರಾಧ, ಇಲಾಖೆ ಮಾಡಿದರೆ ಸಂರಕ್ಷಣೆ.

ಕಾನೂನು ಈ ಭೇದವನ್ನು ಅಕ್ಷರಕ್ಕಿಳಿಸಿತು. ೧೮೭೮ರ ಅರಣ್ಯ ಶಾಸನವನ್ನು ಬಹುವಾಗಿ ಅನುಸರಿಸಿದ ೧೯೨೭ರ ಭಾರತೀಯ ಅರಣ್ಯ ಅಧಿನಿಯಮವು, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡವನ್ನೂ ಆಳಿತು. ಅದರ ೨೬ನೆಯ ಪ್ರಕರಣದಂತೆ ಮೀಸಲು ಕಾಡಿನಲ್ಲಿ ಬೆಂಕಿಯಿಡುವುದು ಶಿಕ್ಷಾರ್ಹ. ಅದು ಸರಿಯೇ. ಆದರೆ ಅದೇ ಪ್ರಕರಣದಲ್ಲಿ ಇನ್ನೊಂದು ಮಾತಿದೆ: ಬೆಂಕಿಯು ಬುದ್ಧಿಪೂರ್ವಕವಾಗಿ ಇಲ್ಲವೆ ಘೋರವಾದ ಅಜಾಗರೂಕತೆಯಿಂದ ಬಿದ್ದಿದ್ದರೆ, ಆ ಕಾಡಿನಲ್ಲಿ ಮೇಯಿಸುವ, ಉತ್ಪನ್ನ ತರುವ ಹಕ್ಕುಗಳನ್ನೆಲ್ಲ ಸರ್ಕಾರವು ತನಗೆ ತೋರಿದಷ್ಟು ಕಾಲ ಅಮಾನತಿನಲ್ಲಿಡಬಹುದು. ಒಬ್ಬನು ಹಚ್ಚಿದ ಕಿಡಿಗೆ ಊರೇ ದಂಡ ತೆರಬೇಕು. ೭೯ನೆಯ ಪ್ರಕರಣದಂತೆ, ಕಾಡಿನಲ್ಲಿ ಯಾವುದೇ ಹಕ್ಕುಳ್ಳವನು ಬೆಂಕಿಯ ಸುದ್ದಿಯನ್ನು ಒಡನೆ ತಿಳಿಸಲು, ಅದನ್ನು ಆರಿಸಲು ಬದ್ಧನು. ಹಚ್ಚುವ ಅಧಿಕಾರವನ್ನು ಕಿತ್ತುಕೊಂಡ ಶಾಸನವೇ ಆರಿಸುವ ಹೊಣೆಯನ್ನು ಅವನ ಹೆಗಲ ಮೇಲೆ ಉಳಿಸಿತು. ಮೈಸೂರು ಸಂಸ್ಥಾನವು ೧೯೦೦ರಲ್ಲಿ ತನ್ನದೇ ಆದ ಅರಣ್ಯ ಕಾಯಿದೆಯನ್ನು ಮಾಡಿಕೊಂಡಿತು. ಏಕೀಕರಣವಾದ ಮೇಲೆ ೧೯೬೩ರ ಕಾಯಿದೆಯು ಕನ್ನಡ ನಾಡಿಗೆಲ್ಲ ಒಂದೇ ಆಯಿತು.

ಈ ತತ್ತ್ವವು ಇಂಡಿಯಾದ ಗಡಿಯಲ್ಲಿ ನಿಲ್ಲಲಿಲ್ಲ. ವಯಸ್ಸಾದ ಬ್ರಾಂಡಿಸನನ್ನು ಜರ್ಮನಿಯಲ್ಲಿ ಕಂಡು ಅವನ ಶಿಷ್ಯನಾದ ಗಿಫರ್ಡ್ ಪಿಂಚೊ ಎಂಬಾತನು ೧೯೦೫ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅರಣ್ಯಸೇವೆಯ ಮೊದಲ ಮುಖ್ಯಸ್ಥನಾದನು. ೧೯೧೦ರ ಮಹಾಜ್ವಾಲೆಗಳ ತರುವಾಯ ಆ ದೇಶವು ಬೆಂಕಿಯ ಮೇಲೆ ಯುದ್ಧವನ್ನೇ ಸಾರಿತು. ೧೯೩೫ರಲ್ಲಿ, ಎಲ್ಲಿ ಕಾಡು ಹೊತ್ತಿದರೂ ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಅದನ್ನು ಹತೋಟಿಗೆ ತರಬೇಕೆಂಬ ನಿಯಮವಾಯಿತು. ಆರಿಸಿದಷ್ಟೂ ತರಗು ಕೂಡಿ, ಕೂಡಿದಷ್ಟೂ ಬೆಂಕಿ ಭಯಂಕರವಾಗಿ, ೧೯೭೦ರ ದಶಕದಲ್ಲಿ ಅವರು ಆ ನಿಯಮವನ್ನು ಕೈಬಿಟ್ಟರು.

ನಮ್ಮಲ್ಲಿ ಈ ಸಂದೇಹವು ಬಹಳ ಹಿಂದೆಯೇ ಹುಟ್ಟಿದ್ದಿತೆಂಬುದು ಗಮನಾರ್ಹ. ೧೮೯೬ರಲ್ಲಿ ಸ್ಲೇಡ್ ಎಂಬ ಅರಣ್ಯಾಧಿಕಾರಿಯು 'ಇಂಡಿಯನ್ ಫಾರೆಸ್ಟರ್' ಪತ್ರಿಕೆಯಲ್ಲಿ, ಬರ್ಮಾದಲ್ಲಿ ಬೆಂಕಿಯಿಂದ ಕಾಯುವುದು ಅತಿಯಾಯಿತೆಂದು ಬರೆದನು. ಬೆಂಕಿ ಬೀಳದ ಕಾಡಿನಲ್ಲಿ ತೇಗದ ಸಸಿ ಮೇಲೇಳದೆ ಬಿದಿರು, ಪೊದೆಗಳು ಮೇಲುಗೈಯಾಗುತ್ತಿದ್ದವು. ಸಹೋದ್ಯೋಗಿಗಳು ಅವನ ಮೇಲೆ ಬಿದ್ದರು. ಆದರೂ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬರ್ಮಾದ ತೇಗದ ಕಾಡುಗಳಲ್ಲಿ ಬೆಂಕಿಯನ್ನು ಕಟ್ಟುನಿಟ್ಟಾಗಿ ತಡೆಯುವುದನ್ನು ಸರ್ಕಾರವು ಮೆಲ್ಲಗೆ ಸಡಿಲಿಸಿತು. ಎಂದರೆ ಅಧಿಕಾರಿಗಳಿಗೆ ಸತ್ಯ ತಿಳಿಯದೆ ಇರಲಿಲ್ಲ. ತಿಳಿದ ಸತ್ಯವು ಕಾನೂನಿನ ಪುಸ್ತಕವನ್ನು ತಲಪಲಿಲ್ಲ, ಅಷ್ಟೆ.

ಈಗ ಬಂಡೀಪುರಕ್ಕೆ ಬರೋಣ. ೧೯೩೧ರಲ್ಲಿ ಮೈಸೂರಿನ ಮಹಾರಾಜರು ಇಲ್ಲಿ ೯೦ ಚದರ ಕಿಲೋಮೀಟರುಗಳ ಅಭಯಾರಣ್ಯವನ್ನು ಏರ್ಪಡಿಸಿದರು. ೧೯೪೧ರಲ್ಲಿ ಅದನ್ನು ವಿಸ್ತರಿಸಿ, ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಿಂದ ವೇಣುಗೋಪಾಲ ವನ್ಯಮೃಗಧಾಮವೆಂದು ಕರೆದರು. ೧೯೭೩ರಲ್ಲಿ ಹುಲಿಯೋಜನೆಯು ಆರಂಭವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾಯಿತು. ನೀಲಗಿರಿಯ ಮಳೆನೆರಳಿನಲ್ಲಿರುವ ಈ ಕಾಡು ಬಹುಪಾಲು ಎಲೆಯುದುರುವ ಜಾತಿಯದು. ತೇಗ, ಮತ್ತಿ, ದಿಂಡಿಗ, ಹೊನ್ನೆ ಮೊದಲಾದ ಮರಗಳು ಪುಷ್ಯಮಾಘಗಳಲ್ಲಿ ಎಲೆ ಕಳಚುತ್ತವೆ. ನೆಲದ ಮೇಲೆ ಮೊಣಕಾಲೆತ್ತರ ಹುಲ್ಲು ಒಣಗಿರುತ್ತದೆ. ಚೈತ್ರ ವೈಶಾಖಗಳ ಮುಂಗಾರು ಪೂರ್ವದ ಮಳೆ ಬೀಳುವವರೆಗೆ ಒಂದು ಬೀಡಿಯ ತುಂಡೂ ಸಾಕು. ಇಂತಹ ಕಾಡಿನ ಬೆಂಕಿ ಸಾಮಾನ್ಯವಾಗಿ ನೆಲದ ಮೇಲೆ ಹರಿಯುವ ಬೆಂಕಿ, ಮರದ ತುದಿಗೆ ಏರುವಂಥದಲ್ಲ. ಸಿಡಿಲಿನಿಂದ ಹೊತ್ತುವುದು ಇಲ್ಲಿ ತೀರ ವಿರಳ, ಏಕೆಂದರೆ ಸಿಡಿಲು ಬರುವುದು ಮಳೆಯೊಡನೆ. ಬಿದಿರು ಉಜ್ಜಿ ಬೆಂಕಿ ಹುಟ್ಟುತ್ತದೆಂಬ ನಂಬಿಕೆ ಜನರಲ್ಲಿ ಬೇರೂರಿದ್ದರೂ, ಈ ಬೆಂಕಿಗಳೆಲ್ಲ ಹೆಚ್ಚುಕಡಮೆ ಮನುಷ್ಯನ ಕೈಯಿಂದಲೇ ಬೀಳುವುವು. ಬುದ್ಧಿಪೂರ್ವಕವೋ ಮರೆವೋ ಹಗೆಯೋ ಎಂಬುದು ಬೇರೆ.

೨೦೧೯ರ ಫೆಬ್ರವರಿ ೨೧ರ ಸುಮಾರಿಗೆ ಬಂಡೀಪುರದಲ್ಲಿ ಹಲವೆಡೆ ಒಂದೇ ಸಲ ಬೆಂಕಿ ಕಾಣಿಸಿಕೊಂಡಿತು. ಬಿರುಸಾದ ಗಾಳಿ, ಗುಡ್ಡಗಳ ಏರು, ಬಿದ್ದು ಒಣಗಿದ ಬಿದಿರು, ಎಲ್ಲೆಲ್ಲೂ ಹೆಣೆದುಕೊಂಡ ಲಂಟಾನದ ಪೊದೆ. ಇವೆಲ್ಲ ಕೂಡಿ ಗೋಪಾಲಸ್ವಾಮಿ ಬೆಟ್ಟದ ಸುತ್ತಣ ಕಾಡು ಕರಿಬೂದಿಯಾಯಿತು. ವರ್ಷದ ಬಹುಭಾಗ ಮಂಜು ಮುಸುಕಿರುವ ಕಾರಣದಿಂದ 'ಹಿಮವದ್' ಎಂಬ ವಿಶೇಷಣವನ್ನು ಪಡೆದ ದೇವರ ಬೆಟ್ಟಕ್ಕೆ ಹೊಗೆ ಮುಸುಕಿದುದನ್ನು ಚಿತ್ರಗಳಲ್ಲಿ ಕಂಡ ನಮ್ಮಲ್ಲಿ ಅನೇಕರಿಗೆ ಅಂದು ಊಟ ಸೇರಲಿಲ್ಲ. ಇಲಾಖೆಯ ಸಿಬ್ಬಂದಿ, ಬೆಂಕಿ ಕಾವಲಿನ ದಿನಗೂಲಿಯವರು, ಸುತ್ತಣ ಊರುಗಳಿಂದಲೂ ಬೆಂಗಳೂರು ಮೈಸೂರುಗಳಿಂದಲೂ ಬಂದ ಸ್ವಯಂಸೇವಕರು ಹಗಲಿರುಳು ದುಡಿದರು. ಅವರ ಆಯುಧವಾದರೂ ಯಾವುದು? ಹಸಿ ಸೊಪ್ಪಿನ ಕೊಂಬೆ. ಬೆಂಕಿಯ ನಾಲಗೆಯನ್ನು ಕೊಂಬೆಯಿಂದ ಬಡಿದು ಸುಟ್ಟ ಕಡೆಗೆ ತಳ್ಳುವುದು, ಅದು ಸಾಗದೆಡೆಯಲ್ಲಿ ಮುಂದಕ್ಕೆ ಹೋಗಿ ಎದುರು ಬೆಂಕಿ ಕೊಡುವುದು. ಈ ಎರಡೇ ಉಪಾಯಗಳು. ಕೊನೆಗೆ ೨೫ರಂದು ಕೊಯಮತ್ತೂರು ಬಳಿಯ ಸೂಲೂರಿನಿಂದ ವಾಯುಪಡೆಯ ಎರಡು ಎಂ.ಐ.-೧೭ ಹೆಲಿಕಾಪ್ಟರುಗಳು ಬಂದು ಜೋಲುತೊಟ್ಟಿಗಳಲ್ಲಿ ನೀರನ್ನು ಹೊತ್ತು ಸುರಿದವು. ಆನೆಯ ಸೊಂಡಿಲು ನೆನಪಾಗದೆ ಇರಲಾರದು.

ಸುಟ್ಟ ನೆಲದ ಲೆಕ್ಕವನ್ನು ಹಾಕಿದವರು ನಮ್ಮ ಊರಿನವರೇ. ೧೯೭೪ರಲ್ಲಿ ಹುಟ್ಟಿ, ೨೦೦೮ರಲ್ಲಿ ಬಾಹ್ಯಾಕಾಶ ಸಂಸ್ಥೆಯ ಭಾಗವಾದ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಇಲ್ಲಿಯ ಬಾಲಾನಗರದಲ್ಲಿದೆ. ಉಪಗ್ರಹಗಳಿಂದ ಸಂಕೇತಗಳನ್ನು ಪಡೆಯುವ ಅದರ ನೆಲೆ ಶಾದನಗರದಲ್ಲಿದೆ. ಉಪಗ್ರಹದ ಚಿತ್ರಗಳಿಂದ, ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಮಿಕ್ಕಿ ಕಾಡು ಸುಟ್ಟಿತೆಂದು ಅಂದಾಜಾಯಿತು. ದೇಹರಾದೂನಿನ ಅರಣ್ಯ ಸರ್ವೇಕ್ಷಣ ಸಂಸ್ಥೆಯು ೨೦೦೪ರಿಂದ ಇಂತಹ ಉಪಗ್ರಹಗಳ ನೆರವಿನಿಂದಲೇ ಬೆಂಕಿಯ ಎಚ್ಚರಿಕೆಗಳನ್ನು ರಾಜ್ಯಗಳಿಗೆ ಕಳುಹಿಸುತ್ತಿದೆ. ಇದು ಸಾಮಾನ್ಯವಾದ ಸಾಧನೆಯಲ್ಲ. ಆದರೆ ಆಕಾಶದ ಕಣ್ಣಿಗೂ ಮಿತಿಯುಂಟು. ದಿನಕ್ಕೆ ಕೆಲವೇ ಸಲ ಮೇಲೆ ಹಾದುಹೋಗುವ ಯಂತ್ರದ ಚಿತ್ರದಲ್ಲಿ ಒಂದೊಂದು ಚುಕ್ಕೆಯೂ ನೆಲದ ನೂರಾರು ಮೀಟರುಗಳಿಗೆ ಸಮ. ಮರಗಳಡಿಯಲ್ಲಿ ಮೆಲ್ಲಗೆ ತೆವಳುವ ಸಣ್ಣ ಬೆಂಕಿ ಅದಕ್ಕೆ ತಪ್ಪಿಹೋಗಬಹುದು. ಅದು ಬೆಂಕಿಯನ್ನು ಕಾಣುತ್ತದೆ, ಬೆಂಕಿಯಿಟ್ಟ ಕೈಯನ್ನು ಕಾಣುವುದಿಲ್ಲ. ಒಳ್ಳೆಯ ಬೆಂಕಿ, ಕೆಟ್ಟ ಬೆಂಕಿ ಎಂಬ ಭೇದವಂತೂ ಅದಕ್ಕೆ ಇಲ್ಲವೇ ಇಲ್ಲ.

ಒಳ್ಳೆಯ ಬೆಂಕಿಯೂ ಉಂಟೆ ಎಂದು ವಾಚಕರು ಕೇಳಬಹುದು. ಬಂಡೀಪುರಕ್ಕೆ ಪೂರ್ವದಲ್ಲಿ ಅದೇ ಚಾಮರಾಜನಗರ ಜಿಲ್ಲೆಯಲ್ಲಿರುವ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಿದರೆ ಉಂಟೆನ್ನುತ್ತಾರೆ. ಅವರು ಅದನ್ನು 'ತರಗು ಬೆಂಕಿ' ಎಂದು ಕರೆಯುತ್ತಾರೆ. ಬೇಸಗೆಯ ಮೊದಲಲ್ಲೇ, ಎಲೆ ಉದುರಿದ್ದರೂ ನೆಲದಲ್ಲಿ ತೇವ ಆರದಿರುವಾಗ, ಒಣಗಿದ ತರಗಿಗೆ ಮಾತ್ರ ತಾಕುವಂತೆ ಹಚ್ಚುವ ತಗ್ಗಿನ ಬೆಂಕಿ ಅದು. ಒಂದು ತುಂಡು ಸುಡುತ್ತದೆ, ಪಕ್ಕದ ತುಂಡಿನ ತೇವಕ್ಕೆ ತಾನಾಗಿ ಆರುತ್ತದೆ. ಕಾಡು ಎಲ್ಲವೂ ಒಮ್ಮೆಲೆ ಸುಡದೆ, ಸುಟ್ಟ ತುಂಡು, ಸುಡದ ತುಂಡು ಎಂದು ಹಾಸುಬೀಸಾಗುತ್ತದೆ. ಹುಲ್ಲು ಹೊಸದಾಗಿ ಚಿಗುರುತ್ತದೆ, ಉಣ್ಣೆ ಹುಳುಗಳು ಕಡಮೆಯಾಗುತ್ತವೆ, ಹಾದಿ ಕಾಣುತ್ತದೆ. ಅವರ ಜೀವನಾಧಾರವಾದ ನೆಲ್ಲಿಯ ಮರಗಳನ್ನು ಹೀರುವ ಬಂದಳಿಕೆಯೂ ಈ ಬೆಂಕಿಯಿಂದ ಹತೋಟಿಯಲ್ಲಿರುತ್ತದೆಂಬುದು ಅವರ ಅನುಭವ. ೧೯೭೪ರಲ್ಲಿ ಆ ಬೆಟ್ಟವು ಅಭಯಾರಣ್ಯವಾದ ಮೇಲೆ ಬೇಟೆಯೂ ಕುಮರಿಯೂ ತರಗು ಬೆಂಕಿಯೂ ಒಂದೇ ಏಟಿಗೆ ನಿಂತುಹೋದವು.

ಆಮೇಲೆ ನೆಲವನ್ನು ಹಿಡಿದುದು ಲಂಟಾನ. ಅಮೆರಿಕಾ ಖಂಡದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂದದ ಹೂವಿಗಾಗಿ ಕಲ್ಕತ್ತೆಯ ಉದ್ಯಾನಕ್ಕೆ ತಂದರು. ಹಕ್ಕಿಗಳು ಅದರ ಹಣ್ಣನ್ನು ತಿಂದು ದೇಶವನ್ನೆಲ್ಲ ಬಿತ್ತಿದವು. ಬಿಳಿಗಿರಿರಂಗನ ಬೆಟ್ಟದಲ್ಲಿ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಯ ವಿದ್ವಾಂಸರಾದ ಭರತ್ ಸುಂದರಂ, ಅಂಕಿಲಾ ಹಿರೇಮಠ ಇವರು ನಡೆಸಿದ ಪರಿಶೀಲನೆಯಂತೆ, ೧೯೯೭ರಲ್ಲಿ ನೂರಕ್ಕೆ ನಲವತ್ತರಷ್ಟು ಜಾಗಗಳಲ್ಲಿದ್ದ ಲಂಟಾನ ೨೦೦೮ರ ವೇಳೆಗೆ ಸುಮಾರು ಎಂಬತ್ತರಷ್ಟು ಜಾಗಗಳನ್ನು ಆಕ್ರಮಿಸಿದ್ದಿತು. ತರಗು ಬೆಂಕಿ ನಿಂತುದೇ ಇದಕ್ಕೆ ಕಾರಣವೆಂದು ಸೋಲಿಗರು ಹೇಳುತ್ತಾರೆ. ಎಳೆಯ ಲಂಟಾನದ ಸಸಿ ಬೆಂಕಿಗೆ ಸಾಯುತ್ತದೆ, ಬೆಳೆದ ಪೊದೆ ಬೆಂಕಿಯ ಬಳಿಕ ಬುಡದಿಂದ ಮತ್ತೆ ಚಿಗುರುತ್ತದೆ. ಅದು ಒಣಗಿದಾಗ ನೆಲದ ಉರಿಗೆ ಏಣಿಯಾಗಿ ನಿಂತು ಮರದ ಮಂಡೆಯವರೆಗೂ ಒಯ್ಯುತ್ತದೆ. ಬೆಂಕಿಯಿಂದ ಲಂಟಾನ, ಲಂಟಾನದಿಂದ ಬೆಂಕಿ ಎಂಬ ಚಕ್ರವು ಹೀಗೆ ತಿರುಗುತ್ತದೆ.

ಇಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡಲಾರೆ. ಕಾಡಿನವರು ತಿಳಿದುದೆಲ್ಲ ವೇದವಾಕ್ಯವೆಂದು ಹೇಳುವವರ ಪಂಕ್ತಿಯಲ್ಲಿ ನಾನಿಲ್ಲ. ಲಂಟಾನ ತುಂಬಿದ ಇಂದಿನ ಕಾಡಿನಲ್ಲಿ ಅಜ್ಜನ ಕಾಲದ ತರಗು ಬೆಂಕಿಯನ್ನು ಇದ್ದಕ್ಕಿದ್ದಂತೆ ಹಚ್ಚಿದರೆ ಅದು ತರಗಿನಲ್ಲಿ ನಿಲ್ಲುವುದಿಲ್ಲ. ಈ ಮಾತನ್ನು ಸೋಲಿಗರ ಹಿರಿಯರೂ ಒಪ್ಪುತ್ತಾರೆ. ಮೊದಲು ಪೊದೆಯನ್ನು ಕೈಯಿಂದ ಕೀಳಬೇಕು. ಅದು ವರ್ಷಗಳ ಕೆಲಸ, ಹಣದ ಕೆಲಸ. ಆದರೆ ನಿಷೇಧದಿಂದ ಕಾಡು ಉಳಿಯಿತೆಂಬ ವಾದಕ್ಕೂ ಆಧಾರ ಸಾಲದು. ಮೋಯಾರಿನ ಆಚೆ, ಬಂಡೀಪುರಕ್ಕೆ ಹೊಂದಿಕೊಂಡಿರುವ ಮುದುಮಲೆಯ ದಾಖಲೆಗಳನ್ನು ಪರಿಶೀಲಿಸಿ ಕೋದಂಡಪಾಣಿ, ಕಾಕ್ರೇನ್, ಸುಕುಮಾರ್ ಇವರು ೨೦೦೪ರಲ್ಲಿ ಪ್ರಕಟಿಸಿದ ಲೇಖನದಂತೆ, ೧೯೦೯ರಿಂದ ೧೯೨೧ರವರೆಗಿನ ಅವಧಿಯಲ್ಲಿ ಒಂದೇ ಜಾಗಕ್ಕೆ ಬೆಂಕಿ ಮರಳಿ ಬರಲು ಸರಾಸರಿ ಸುಮಾರು ೧೦ ವರ್ಷ ಹಿಡಿಯುತ್ತಿದ್ದಿತು. ೧೯೮೯ರಿಂದೀಚಿನ ಅವಧಿಯಲ್ಲಿ ಅದು ಮೂರೂಕಾಲು ವರ್ಷದ ಸುಮಾರಿಗೆ ಇಳಿದಿದೆ. ನೂರು ವರ್ಷ ತಡೆದ ಮೇಲೆ ಬೆಂಕಿ ಮೂರುಪಟ್ಟು ಹೆಚ್ಚಾಯಿತು. ಹಚ್ಚುವ ಕೈಗಳು ಕಡಮೆಯಾಗಲಿಲ್ಲ, ಹಚ್ಚುವ ಹೊತ್ತನ್ನು ಬಲ್ಲ ಕೈಗಳು ಮಾತ್ರ ಹಿಂದೆ ಸರಿದವು. ಕದ್ದು ಹಚ್ಚುವವನು ಇಬ್ಬನಿಯ ತೇವವನ್ನು ಕಾಯುತ್ತ ಕೂರುವುದಿಲ್ಲ.

ಇದೆಲ್ಲ ದೂರದ ಮಾತೆಂದು ನಾವು ತಿಳಿಯಬೇಕಾಗಿಲ್ಲ. ಇಲ್ಲಿಂದ ಶ್ರೀಶೈಲಕ್ಕೆ ಹೋಗುವ ರಸ್ತೆಯು ಮನ್ನನೂರಿನ ಬಳಿ ನಲ್ಲಮಲದ ಕಾಡನ್ನು ಹೊಗುತ್ತದೆ. ಇಂದು ಅಮ್ರಾಬಾದ್ ಹುಲಿ ಮೀಸಲು ಎನಿಸಿರುವ ಆ ಕಾಡು ನಿಜಾಮರ ಸಂಸ್ಥಾನದ್ದಾಗಿದ್ದಾಗಲೇ ಅಲ್ಲಿಯ ಚೆಂಚುಗಳನ್ನು ಕುರಿತು ಫ್ಯೂರರ್ ಹೈಮೆಂಡಾರ್ಫನು ಗ್ರಂಥ ಬರೆದು ೧೯೪೩ರಲ್ಲಿ ಪ್ರಕಟಿಸಿದನು. ಉತ್ತರದ ಆದಿಲಾಬಾದಿನಲ್ಲಿ ಗೊಂಡರ ನಾಯಕ ಕುಮ್ರಂ ಭೀಮು ಕಾಡಿನ ಹಕ್ಕಿಗಾಗಿಯೇ ಹೋರಾಡಿ ೧೯೪೦ರಲ್ಲಿ ಜೋಡೇಘಾಟಿನಲ್ಲಿ ಮಡಿದನು. ಪೋಡು ಬೇಸಾಯದ ಪ್ರಶ್ನೆಯೇ ಅಲ್ಲಿಯೂ ಮೂಲ. ನಲ್ಲಮಲಕ್ಕೂ ನಮಗೂ ಇನ್ನೊಂದು ನಂಟಿದೆ. ಉತ್ತರ ಕರ್ನಾಟಕದ ಮಲ್ಲಯ್ಯನ ಭಕ್ತರು ಯುಗಾದಿಗೆ ಮುನ್ನ ತಂಡತಂಡವಾಗಿ ಆ ಕಾಡನ್ನು ಕಾಲ್ನಡಿಗೆಯಲ್ಲಿ ದಾಟುತ್ತಾರೆ. ಅದು ತರಗು ಒಣಗಿ ಕಿಡಿಗೆ ಕಾದಿರುವ ಹೊತ್ತು. ಹಾದಿಯಲ್ಲಿ ಒಲೆ ಹೂಡಿ ಅಡುಗೆ ಮಾಡಿ ಎದ್ದು ಹೋಗುವ ನಮ್ಮವರು ಆ ಬೂದಿಗೆ ಒಂದು ತಂಬಿಗೆ ನೀರು ಹೊಯ್ಯುವರೋ ಇಲ್ಲವೋ ಎಂಬುದನ್ನು ಕನ್ನಡ ಸಂಘಗಳು ವಿಚಾರಿಸಿದರೆ ಒಳ್ಳೆಯದು.

ಕಡೆಯದಾಗಿ ಬೆಂಕಿಯನ್ನು ಆರಿಸುವವರ ವಿಷಯ. ೨೦೧೭ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿಯೊಡನೆ ಹೋರಾಡುತ್ತ ಒಬ್ಬ ಅರಣ್ಯರಕ್ಷಕನು ಪ್ರಾಣಬಿಟ್ಟನು. ೨೦೨೩ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆಯ ಕಡೆ ಇನ್ನೊಬ್ಬನು. ಸಂಬಳದ ಪಟ್ಟಿಯಲ್ಲಿ ಹೆಸರಿದ್ದವರ ಸಾವು ಪತ್ರಿಕೆಗಳಲ್ಲಿ ಬಂದಿತು. ಬೇಸಗೆಯ ಮೂರು ನಾಲ್ಕು ತಿಂಗಳಿಗೆ ಮಾತ್ರ ಗೊತ್ತಾಗುವ ಬೆಂಕಿ ಕಾವಲುಗಾರರಾದರೋ ಹೆಚ್ಚಾಗಿ ಸೋಲಿಗರು, ಜೇನುಕುರುಬರು, ಬೆಟ್ಟಕುರುಬರು, ಇಲ್ಲಿ ನಲ್ಲಮಲದಲ್ಲಿ ಚೆಂಚುಗಳು. ಯಾರ ಅಜ್ಜಂದಿರು ಬೆಂಕಿಯಿಡುತ್ತಿದ್ದರೆಂಬ ಕಾರಣದಿಂದ ಕಾಡಿನಿಂದ ಹೊರಗಾದರೋ ಅವರ ಮೊಮ್ಮಕ್ಕಳನ್ನೇ ಬೆಂಕಿ ಆರಿಸಲು ಕೂಲಿಗೆ ಕರೆಯಲಾಗಿದೆ, ಏಕೆಂದರೆ ಕಾಡಿನಲ್ಲಿ ಗಾಳಿಯ ದಿಕ್ಕನ್ನು ಬಲ್ಲವರು ಅವರೇ. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯಂತೆ ೨೦೧೧ರಲ್ಲಿ ಬಿಳಿಗಿರಿರಂಗನ ಬೆಟ್ಟದ ೨೫ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಗಳನ್ನು ಮಾನ್ಯಮಾಡಿದರು. ಅದೇ ವರ್ಷ ಆ ಬೆಟ್ಟವು ಹುಲಿ ಮೀಸಲೂ ಆಯಿತು. ಹಕ್ಕುಪತ್ರದಲ್ಲಿ ಕಾಡನ್ನು ಕಾಯುವ, ನಿರ್ವಹಿಸುವ ಮಾತಿದೆ. ಬೆಂಕಿಯ ಮಾತು ಬಂದಾಗ ಮಾತ್ರ ಎರಡು ಕಡೆಯವರೂ ಇನ್ನೂ ಹಳೆಯ ಶಾಸನದ ಎದುರುಬದುರಿಗೇ ನಿಂತಿದ್ದಾರೆ.

ಪ್ರತಿ ವರ್ಷ ಜನವರಿಯಲ್ಲಿ, ಸಂಕ್ರಾಂತಿಯ ಆಸುಪಾಸಿಗೆ, ಬೆಂಕಿ ರೇಖೆಯ ಕೆಲಸ ಆರಂಭವಾಗುತ್ತದೆ. ಬಂಡೀಪುರದಲ್ಲಿ ರಸ್ತೆಯ ಎರಡು ಬದಿಗೂ ಹುಲ್ಲನ್ನು ಕೊಯ್ದು ಬಳಿದು, ಬೆಳಗಿನ ಇಬ್ಬನಿ ಆರುವ ಮುನ್ನ ಅದಕ್ಕೆ ಬೆಂಕಿ ಕೊಡುತ್ತಾರೆ. ಸೊಪ್ಪಿನ ಕೊಂಬೆ ಹಿಡಿದವರು ಆ ಪಟ್ಟಿಯ ಉದ್ದಕ್ಕೂ ನಿಂತು, ಉರಿ ಕಾಡಿನೊಳಕ್ಕೆ ದಾಟದಂತೆ ನೋಡಿಕೊಳ್ಳುತ್ತಾರೆ.